ಉಳಿದ ಪಾವು ಯಾವುದರ ಅರ್ಧ?

ಏಳನೇ ತರಗತಿ, ಬೆಳಗಿನ ಎರಡನೇ ಪೀರಿಯಡ್. ನಾನು ಪಾಠ ವೀಕ್ಷಣೆಯ ಪುಸ್ತಕ ಹಿಡಿದು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಾಠ ಮಾಡುತ್ತಿದ್ದವಳು ನಮ್ಮ ಕಾಲೇಜಿನಲ್ಲಿ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಕರ ತರಬೇತಿಯ ಡಿಪ್ಲೊಮಾ, ಓದುತ್ತಿದ್ದ ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ಚುರುಕಿನ ಹುಡುಗಿ. ದುಂಡು ಅಕ್ಷರ, ಅಚ್ಚುಕಟ್ಟಾದ ಪಾಠ ಯೋಜನೆ, ಮಕ್ಕಳ ಜೊತೆ ಮಾತಾಡುವಾಗ ದನಿಯಲ್ಲಿ ಪ್ರೀತಿ. ಅವತ್ತಿನ ಪಾಠ ಭಿನ್ನರಾಶಿಗಳ ಭಾಗಾಕಾರ.

"ಎರಡು ಲೀಟರ್ ಹಾಲಿದೆ. ಅರ್ಧ ಲೀಟರಿನ ಪ್ಯಾಕೆಟ್ಟುಗಳಿಗೆ ತುಂಬಿದರೆ ಎಷ್ಟು ಪ್ಯಾಕೆಟ್ ಆಗುತ್ತೆ?" ಎಂದು ಕೇಳಿದಳು. ಇಡೀ ತರಗತಿ "ನಾಲ್ಕು" ಎಂದು ಕೂಗಿತು. ಅವಳು ಖುಷಿಯಿಂದ ಬೋರ್ಡಿನ ಮೇಲೆ 2 ÷ ½ ಎಂದು ಬರೆದಳು. ಅರ್ಧವನ್ನು ಉಲ್ಟಾ ಮಾಡಿ, ಭಾಗಾಕಾರದ ಗುರುತನ್ನು ಗುಣಾಕಾರ ಮಾಡಿ, 2 × 2 = 4 ಎಂದು ತೋರಿಸಿದಳು. ಉತ್ತರ ಸರಿ. ಕತೆಗೂ ಲೆಕ್ಕಕ್ಕೂ ತಾಳೆ ಆಯಿತು.

ಆಗ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಭಾಗಿಸಿದ್ರೆ ಕಡಿಮೆ ಆಗ್ಬೇಕಲ್ವಾ? ಎರಡು ಇದ್ದದ್ದು ನಾಲ್ಕು ಹೆಂಗಾಯ್ತು?"

ಅವಳು ಒಂದು ಸಲ ಬೋರ್ಡ್ ನೋಡಿದಳು, ಒಂದು ಸಲ ನನ್ನ ಕಡೆ ನೋಡಿದಳು. "ಭಿನ್ನರಾಶಿಲಿ ಹಾಗೇನೇ. ಅದು ರೂಲ್ಸು. ಮುಂದೆ ದೊಡ್ಡ ಕ್ಲಾಸಲ್ಲಿ ಗೊತ್ತಾಗುತ್ತೆ" ಎಂದಳು. ಹುಡುಗ ಕೂತುಕೊಂಡ. ಮುಂದಿನ ಲೆಕ್ಕಕ್ಕೆ ಹೋದರು.

ನಾನು ವೀಕ್ಷಣೆಯ ಪುಸ್ತಕದಲ್ಲಿ ಹೀಗೆ ಬರೆದೆ: "ಕಪ್ಪುಹಲಗೆ ಕೆಲಸ ಅಚ್ಚುಕಟ್ಟು. ನಿತ್ಯ ಜೀವನದ ಉದಾಹರಣೆ ಬಳಸಿದ್ದು ಚೆನ್ನಾಗಿದೆ. ಮಕ್ಕಳ ಪ್ರಶ್ನೆಗೆ ಇನ್ನಷ್ಟು ಸಮಯ ಕೊಡಿ." ಎಷ್ಟೋ ವರ್ಷಗಳಿಂದ ನಾನು ಬರೆಯುತ್ತಿದ್ದ ಮಾತುಗಳೇ ಇವು. ಅವತ್ತು ಸಂಜೆ ಆ ಹುಡುಗಿ ಸ್ಟಾಫ್ ರೂಮಿಗೆ ಬಂದು ನಿಂತಳು. "ಮೇಡಂ, ನೀವು ಸಮಯ ಕೊಡಿ ಅಂತ ಬರೆದಿದ್ದೀರಿ. ಆದರೆ ಎಷ್ಟು ಸಮಯ ಕೊಟ್ಟಿದ್ರೂ ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ನನಗೂ ಇದೇ ಅನ್ನಿಸಿತ್ತು. ಕೇಳೋಕೆ ಧೈರ್ಯ ಬರಲಿಲ್ಲ."

ಈ ಮಾತಿನಿಂದ ಈ ಪ್ರಕರಣ ಶುರುವಾಯಿತು. ಮುಂದಿನ ಐದು ವಾರ ನಾವು ಏನು ಮಾಡಿದೆವು, ಏನು ಕೈಹಿಡಿಯಿತು, ಏನು ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಾಥಮಿಕ ಶಾಲೆಗೆ ಶಿಕ್ಷಕರನ್ನು ತಯಾರು ಮಾಡುವವರಿಗೆ ಇದು ಬೇಕಾಗುತ್ತದೆ ಎಂಬ ನಂಬಿಕೆ ನನ್ನದು.

ಅವಳು ಇಲ್ಲಿಗೆ ಬಂದ ದಾರಿ

ಅವಳನ್ನು ದೂರುವ ಮೊದಲು ಅವಳು ಬಂದ ದಾರಿ ನೋಡಬೇಕು. ನಮ್ಮ ಹಿರಿಯರು ಟಿ.ಸಿ.ಎಚ್. ಎನ್ನುತ್ತಿದ್ದ ಕೋರ್ಸು ಆಮೇಲೆ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಹೆಸರು ಬದಲಾದರೂ ಎರಡು ವರ್ಷ ಎಂಬುದು ಬದಲಾಗಿಲ್ಲ. ಪಿಯುಸಿ ಮುಗಿಸಿದವರು ಬರುತ್ತಾರೆ. ನಮ್ಮ ತರಗತಿಯಲ್ಲಿ ಕಲಾ ವಿಭಾಗದಿಂದ ಬಂದವರೇ ಜಾಸ್ತಿ. ಅಂದರೆ ಅವರು ಕೊನೆಯ ಸಲ ಗಣಿತ ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಅದೂ ಪಾಸಾದರೆ ಸಾಕು ಎಂದು ದೇವರಿಗೆ ಹರಕೆ ಹೊತ್ತು ಓದಿದ್ದು. "ಇನ್ನು ಲೆಕ್ಕದ ಕಾಟ ಇಲ್ಲ" ಎಂದು ನಿಟ್ಟುಸಿರು ಬಿಟ್ಟವರು ಎರಡೇ ವರ್ಷದಲ್ಲಿ ಗಣಿತ ಕಲಿಸಲು ತಯಾರಾಗಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ವಿಷಯ ಕಲಿಸಬೇಕಾದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಗಣಿತ ಬೇಡ ಎನ್ನುವ ಆಯ್ಕೆ ಇಲ್ಲ.

ಇಲ್ಲಿ ಕಾಲೇಜಿನಲ್ಲಿ ನಾವು ಏನು ಕಲಿಸುತ್ತೇವೆ? ಹೆಚ್ಚಾಗಿ ಬೋಧನಾ ವಿಧಾನ. ಉದಾಹರಣೆಯಿಂದ ನಿಯಮಕ್ಕೆ ಹೋಗುವ ಅನುಗಮನ ಪದ್ಧತಿ, ನಿಯಮದಿಂದ ಉದಾಹರಣೆಗೆ ಬರುವ ನಿಗಮನ ಪದ್ಧತಿ, ಪಾಠ ಯೋಜನೆಯ ಹಂತಗಳು, ಕಲಿಕೋಪಕರಣ. ವಿಷಯ ಹೇಗೂ ಗೊತ್ತಿದೆ, ಅದನ್ನು ಕಲಿಸುವ ಬಗೆ ಗೊತ್ತಾದರೆ ಸಾಕು ಎಂದುಕೊಂಡೇ ಪಾಠ ಮಾಡುತ್ತೇವೆ. ಏಳನೇ ತರಗತಿಯ ಗಣಿತ ತಾನೆ, ಅದು ಯಾರಿಗೆ ಬರಲ್ಲ?

ಇನ್ನೊಂದು ಕಡೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬರೆಯುವ ಮೊದಲ ಪತ್ರಿಕೆಯಲ್ಲಿ 150 ಅಂಕ, ಅದರಲ್ಲಿ ಗಣಿತಕ್ಕೆ 30. ಎರಡೂವರೆ ಗಂಟೆಯಲ್ಲಿ 150 ಪ್ರಶ್ನೆ ಮುಗಿಸಬೇಕಾದಾಗ ಯಾರೂ "ಯಾಕೆ" ಎಂದು ಕೇಳುತ್ತಾ ಕೂರುವುದಿಲ್ಲ. ಬೇಗ ಉತ್ತರ ಬರುವ ಟ್ರಿಕ್ ಬೇಕು. ನಮ್ಮ ಪ್ರಶಿಕ್ಷಣಾರ್ಥಿಗಳು ಅದನ್ನೇ ಹುಡುಕುತ್ತಾರೆ, ತಪ್ಪೇನಿಲ್ಲ. ಆದರೆ ಅದೇ ಟ್ರಿಕ್ಕು ನಾಳೆ ಬೋರ್ಡಿನ ಮೇಲೆ ಪಾಠವಾಗಿ ಬಂದು ಕೂರುತ್ತದೆ.

ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯ 2022ರ ವರದಿಯಲ್ಲಿ, ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 25.6 ಮಾತ್ರ. ಈ ಅಂಕಿ ನೋಡಿದಾಗಲೆಲ್ಲ ಮಕ್ಕಳ ಬಗ್ಗೆ, ಶಾಲೆಗಳ ಬಗ್ಗೆ ಮಾತಾಡುತ್ತೇವೆ. ಆ ಮಕ್ಕಳಿಗೆ ಕಲಿಸಿದವರಿಗೆ ನಾವು ಭಾಗಾಕಾರವನ್ನು ಹೇಗೆ ಕಲಿಸಿದ್ದೆವು ಎಂದು ಕೇಳಿಕೊಳ್ಳುವುದು ಕಡಿಮೆ.

ಸೋಮವಾರದ ಪ್ರಶ್ನೆ

ಮುಂದಿನ ಸೋಮವಾರ ಕಾಲೇಜಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಇಡೀ ತರಗತಿಗೆ ಒಂದು ಹಾಳೆ ಕೊಟ್ಟೆ. ಹಾಳೆಯಲ್ಲಿ ಎರಡೇ ಕೆಲಸ. ಮೊದಲನೆಯದು: 1¾ ÷ ½ ಎಷ್ಟು? ಎರಡನೆಯದು: ಈ ಲೆಕ್ಕಕ್ಕೆ ಹೊಂದುವ ಒಂದು ಕತೆ ಬರೆಯಿರಿ. ಊರಿನದೋ ಮನೆಯದೋ ಅಂಗಡಿಯದೋ, ಯಾವುದಾದರೂ ಆಗಲಿ.

ಮೊದಲನೆಯದರಲ್ಲಿ ಬಹಳ ಮಂದಿ ಗೆದ್ದರು. 7/4 × 2/1 ಎಂದು ಬರೆದು 3½ ತಂದರು. ಕೆಲವರು ½ ರ ಬದಲು 7/4 ಅನ್ನು ಉಲ್ಟಾ ಮಾಡಿದ್ದರು. ಎರಡನೆಯದಕ್ಕೆ ಬಂದಾಗ ತರಗತಿ ಮೌನವಾಯಿತು. ಪೆನ್ನು ಕಚ್ಚುವವರು, ಪಕ್ಕದವರ ಹಾಳೆ ಇಣುಕುವವರು.

ಬಂದ ಕತೆಗಳನ್ನು ರಾತ್ರಿ ಕೂತು ಓದಿದೆ. ಒಬ್ಬಳು ಬರೆದಿದ್ದಳು: "ಅಮ್ಮನ ಹತ್ತಿರ ಒಂದೂಮುಕ್ಕಾಲು ಹೋಳಿಗೆ ಇದೆ. ಇಬ್ಬರು ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು?" ಇದು ಎರಡರಿಂದ ಭಾಗಿಸುವ ಕತೆ. ಇನ್ನೊಬ್ಬ: "ಒಂದೂಮುಕ್ಕಾಲು ಎಕರೆ ಹೊಲದ ಅರ್ಧಕ್ಕೆ ರಾಗಿ ಹಾಕಿದರೆ ಎಷ್ಟು ಎಕರೆ ರಾಗಿ?" ಇದು ಅರ್ಧದಿಂದ ಗುಣಿಸುವ ಕತೆ. ಎರಡರಲ್ಲೂ ಉತ್ತರ ⅞. ಒಂದಕ್ಕಿಂತ ಕಡಿಮೆ. ಅದೇ ಹಾಳೆಯ ಮೇಲ್ಭಾಗದಲ್ಲಿ ಅದೇ ಕೈಯಲ್ಲಿ 3½ ಎಂದು ಬರೆದಿದೆ. ಮೇಲಿನ ಉತ್ತರಕ್ಕೂ ಕೆಳಗಿನ ಕತೆಗೂ ಸಂಬಂಧ ಇರಬೇಕು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದು.

ಒಬ್ಬ ಹುಡುಗ ಮಾತ್ರ ಉತ್ತರ ತಾಳೆ ನೋಡಿದ್ದ. ಅವನ ಕತೆಯೂ ಹೋಳಿಗೆಯದೇ, ಇಬ್ಬರಿಗೇ ಹಂಚುವುದು. ಆದರೆ ಪ್ರತಿ ಹೋಳಿಗೆಯನ್ನು ನಾಲ್ಕು ಚೂರು ಮಾಡಿದ. ಮುಕ್ಕಾಲು ಹೋಳಿಗೆಯ ಮೂರು ಚೂರು ಸೇರಿ ಒಟ್ಟು ಏಳು ಚೂರು. ಇಬ್ಬರಿಗೆ ಹಂಚಿದರೆ ಒಬ್ಬರಿಗೆ ಮೂರೂವರೆ. "ಬಂತು ಮೇಡಂ!" ಎಂದು ದೊಡ್ಡದಾಗಿ ಬರೆದು ಅಡಿಗೆರೆ ಹಾಕಿದ್ದ. ಸಂಖ್ಯೆ ಬಂತು ನಿಜ. ಆದರೆ ಅದು ಮೂರೂವರೆ ಚೂರು, ಮೂರೂವರೆ ಹೋಳಿಗೆ ಅಲ್ಲ. ಈ ತಪ್ಪಿನಲ್ಲಿ ಮುಂದಿನ ಐದು ವಾರದ ಪಾಠವೆಲ್ಲ ಅಡಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಸರಿಯಾದ ಕತೆ ಬರೆದವರು ಮೂರು ಮಂದಿ.

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಲೆಕ್ಕ ಇದೆ. ಅಮೆರಿಕದ 23 ಶಿಕ್ಷಕರು, ಚೀನಾದ 72 ಶಿಕ್ಷಕರು. ಲೆಕ್ಕಕ್ಕೆ ಕೈಹಾಕಿದ 21 ಅಮೆರಿಕನ್ ಶಿಕ್ಷಕರಲ್ಲಿ ಪೂರ್ತಿ ಸರಿ ಮಾಡಿದವರು 9 ಮಂದಿ. ಅರ್ಥಕ್ಕೆ ಹೊಂದುವ ಕತೆ ಕೊಟ್ಟವರು ಒಬ್ಬರೇ. ಚೀನಾದ 72 ಮಂದಿಯೂ ಲೆಕ್ಕ ಸರಿ ಮಾಡಿದರು, 65 ಮಂದಿ ಸರಿಯಾದ ಕತೆ ಕೊಟ್ಟರು. ಆ ಚೀನೀ ಶಿಕ್ಷಕರು ದೊಡ್ಡ ಡಿಗ್ರಿಗಳವರಲ್ಲ. ಬಹುತೇಕರು ಒಂಬತ್ತನೇ ತರಗತಿ ಮುಗಿಸಿ, ಆಮೇಲೆ ಎರಡು ಮೂರು ವರ್ಷ ಶಿಕ್ಷಕ ತರಬೇತಿ ಪಡೆದವರು. ಹೆಚ್ಚು ವರ್ಷ ಕಾಲೇಜಿನಲ್ಲಿ ಓದಿದವರು ಅಮೆರಿಕನ್ನರೇ.

ಇದನ್ನು ತರಗತಿಯಲ್ಲಿ ಹೇಳಿದಾಗ ನಮ್ಮ ಪ್ರಶಿಕ್ಷಣಾರ್ಥಿಗಳ ಮುಖದಲ್ಲಿ ಸ್ವಲ್ಪ ಜೀವ ಬಂತು. ದಡ್ಡತನ ಅಂದುಕೊಂಡಿದ್ದು ದಡ್ಡತನ ಅಲ್ಲ, ಲೋಕದ ಬೇರೆ ಕಡೆಯೂ ಇದೆ ಎಂದು ಸಮಾಧಾನ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಇದನ್ನು ಸರಿಮಾಡಲು ಇನ್ನೊಂದು ಡಿಗ್ರಿ ಬೇಕಿಲ್ಲ. ಪ್ರಾಥಮಿಕ ಗಣಿತವನ್ನೇ ಮತ್ತೆ ಒಂದು ಸಲ, ಮನಸ್ಸಿಟ್ಟು, ಬುಡದಿಂದ ಮಾಡಬೇಕು.

"ಅರ್ಧ ಮಾಡು", "ಅರ್ಧದಿಂದ ಭಾಗಿಸು"

ಕತೆಗಳನ್ನು ಬೋರ್ಡಿನ ಮೇಲೆ ಬರೆದು ಚರ್ಚೆಗೆ ಇಟ್ಟೆವು. ಯಾರ ಕತೆ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಮ್ಮ ಭಾಷೆಯಲ್ಲೇ ಒಂದು ತೊಡಕು ಇರುವುದು ಗೊತ್ತಾಯಿತು. "ಅರ್ಧ ಮಾಡು" ಅಂದರೆ ಎರಡು ಪಾಲು ಮಾಡು. "ಅರ್ಧಕ್ಕೆ ಭಾಗ ಮಾಡು" ಅಂದರೂ ಅದೇ. "ಅರ್ಧದಿಂದ ಭಾಗಿಸು" ಅಂದರೆ ಬೇರೆಯೇ. ವ್ಯತ್ಯಾಸ ಇರುವುದು ಬರೀ "ಇಂದ" ಎಂಬ ಪ್ರತ್ಯಯದಲ್ಲಿ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಯಾರೂ "ಅರ್ಧದಿಂದ ಭಾಗಿಸು" ಎನ್ನುವುದಿಲ್ಲ. ಅದು ಪುಸ್ತಕದಲ್ಲಿ ಮಾತ್ರ ಇರುವ ಮಾತು. ಕಿವಿಗೆ ಅದು ಬಿದ್ದ ಕೂಡಲೇ ಮನಸ್ಸು ಪರಿಚಯದ "ಅರ್ಧ ಮಾಡು" ಕಡೆಗೆ ಓಡುತ್ತದೆ.

ಇನ್ನೊಂದು ತೊಡಕು ಭಾಗ ಎಂಬ ಮಾತಿನದೇ. ಭಾಗ ಅಂದರೆ ಪಾಲು. ಅಣ್ಣತಮ್ಮಂದಿರು ಭಾಗ ಆದರು ಎನ್ನುತ್ತೇವೆ. ಹಾಗಾಗಿ ಭಾಗಾಕಾರ ಎಂದರೆ ಹಂಚುವುದು ಎಂದೇ ತಲೆಯಲ್ಲಿ ಕೂತಿದೆ. ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಕಡಿಮೆಯೇ. ಕಿಟಕಿ ಪಕ್ಕದ ಹುಡುಗ ಕೇಳಿದ್ದೂ ಇದನ್ನೇ. ಅರ್ಧ ಮನುಷ್ಯನಿಗೆ ಹಂಚುವುದು ಹೇಗೆ?

ಆದರೆ ಭಾಗಾಕಾರದ ಎರಡನೇ ಅರ್ಥವನ್ನೂ ನಾವು ದಿನಾ ಬಾಯಲ್ಲಿ ಆಡುತ್ತೇವೆ. ಉದ್ದ ಭಾಗಾಕಾರ ಮಾಡುವಾಗ ಏನನ್ನುತ್ತೇವೆ? "ಎಂಟರಲ್ಲಿ ಎರಡು ಎಷ್ಟು ಸಲ ಹೋಗುತ್ತೆ?" ಇಲ್ಲಿ ಹಂಚುವುದಿಲ್ಲ, ಅಳೆಯುತ್ತೇವೆ. ಎರಡರ ಅಳತೆ ಹಿಡಿದು ಎಂಟನ್ನು ಖಾಲಿ ಮಾಡುತ್ತೇವೆ. ಮೂರನೇ ಬೆಂಚಿನ ಹುಡುಗಿ ಒಬ್ಬಳು ತಟ್ಟನೆ ಹೇಳಿದಳು: "ಹಾಗಾದ್ರೆ ಹಾಲಿನ ಲೆಕ್ಕದಲ್ಲಿ ಎರಡು ಲೀಟರಲ್ಲಿ ಅರ್ಧ ಲೀಟರ್ ಎಷ್ಟು ಸಲ ಹೋಗುತ್ತೆ ಅಂತ ಕೇಳಿದ್ದು!" ಏಳನೇ ತರಗತಿಯಲ್ಲಿ ಪಾಠ ಮಾಡಿದ್ದ ನಮ್ಮ ಹುಡುಗಿ ತಲೆ ಮೇಲೆ ಕೈ ಇಟ್ಟುಕೊಂಡಳು. ಉತ್ತರ ಅವಳ ಕೈಯಲ್ಲೇ ಇತ್ತು. ಬೋರ್ಡಿನ ಮೇಲೆ ಅವಳೇ ಬರೆದಿದ್ದಳು. ಹಾಲಿನ ಕತೆ ಬರೀ ಪೀಠಿಕೆ, ಉಲ್ಟಾ ಮಾಡುವುದೇ ಗಣಿತ ಎಂದು ಅವಳು ನಂಬಿದ್ದಳು. ಹಾಗೆ ನಂಬಿಸಿದವರು ನಾವು.

ಪಾವು, ಅಚ್ಚೇರು, ಸೇರು

ಎರಡನೇ ವಾರ ಹಳ್ಳಿಯಿಂದ ಬರುವ ಒಬ್ಬಳು ಬ್ಯಾಗಿನಿಂದ ಹಿತ್ತಾಳೆಯ ಮೂರು ಅಳತೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಪಾವು, ಒಂದು ಅಚ್ಚೇರು, ಒಂದು ಸೇರು. ಅಟ್ಟದ ಮೇಲೆ ಬಿದ್ದಿದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಿ ತಂದಿದ್ದಳು. ನಾಲ್ಕು ಪಾವು ಒಂದು ಸೇರು, ಎರಡು ಪಾವು ಒಂದು ಅಚ್ಚೇರು. ಅಚ್ಚೇರು ಅಂದರೆ ಅರ್ಧ ಸೇರು. ಲೀಟರು ಕಿಲೋ ಬಂದು ಅರವತ್ತು ವರ್ಷ ದಾಟಿದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಇಡುವ ಅಕ್ಕಿಯನ್ನು ಇನ್ನೂ ಪಾವಿನಲ್ಲೇ ಅಳೆಯುತ್ತಾರೆ.

"ನಮ್ಮಜ್ಜಿನ ಕೇಳಿದೆ ಮೇಡಂ" ಎಂದಳು. "ಅಜ್ಜಿ, ಒಂದೂಮುಕ್ಕಾಲು ಸೇರು ರಾಗಿನ ಅಚ್ಚೇರಲ್ಲಿ ಅಳೆದ್ರೆ ಎಷ್ಟಾಗುತ್ತೆ ಅಂತ. ಅಜ್ಜಿ ರಾಗಿ ಕೇರ್ತಾ ಇದ್ರು. ತಲೆ ಎತ್ತದೆ 'ಮೂರು ಅಚ್ಚೇರು, ಒಂದು ಪಾವು' ಅಂದ್ರು."

ರಾಗಿ ತಂದು ಅಳೆದೆವು. ಏಳು ಪಾವು ರಾಗಿಯನ್ನು ಬಕೆಟ್ಟಿಗೆ ಹಾಕಿದೆವು, ಅದೇ ಒಂದೂಮುಕ್ಕಾಲು ಸೇರು. ಅಚ್ಚೇರಿನಿಂದ ತೆಗೆಯುತ್ತಾ ಹೋದೆವು. ಒಂದು, ಎರಡು, ಮೂರು. ಬಕೆಟ್ಟಿನಲ್ಲಿ ಒಂದು ಪಾವು ಉಳಿಯಿತು. ಅಜ್ಜಿ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಲ್ಲ.

"ಈಗ ಇದನ್ನ ಗಣಿತದಲ್ಲಿ ಬರೀರಿ" ಎಂದೆ.

ಒಬ್ಬ ಬಂದು ಬೋರ್ಡಿನ ಮೇಲೆ 3¼ ಎಂದು ಬರೆದ. ಅರ್ಧ ತರಗತಿ ಹೌದು ಎಂದಿತು. ಇನ್ನರ್ಧ ತರಗತಿ ಉತ್ತರ 3½ ಬರಬೇಕು ಎಂದಿತು. ಜಗಳವೇ ಶುರುವಾಯಿತು.

"ಉಳಿದಿದ್ದು ಪಾವು ತಾನೆ? ಪಾವು ಅಂದ್ರೆ ಕಾಲು."

"ಉಲ್ಟಾ ಮಾಡಿ ಗುಣಿಸಿದ್ರೆ ಮೂರೂವರೆ ಬರುತ್ತಲ್ಲ, ಅದೇ ಸರಿ."

"ಅದು ರೂಲ್ಸಲ್ಲಿ. ಕಣ್ಣೆದುರಿಗೆ ಇರೋದು ಕಾಲೇ ಅಲ್ವಾ?"

"ಹಾಗಾದ್ರೆ ರೂಲ್ಸು ತಪ್ಪಾ?"

ಈ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡಬಾರದು ಎಂದು ತೀರ್ಮಾನಿಸಿ ಬಂದಿದ್ದೆ. ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಎಂಟು ಹತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ ಅಳತೆ ತಂದಿದ್ದ ಹುಡುಗಿಯೇ ಎದ್ದು ಉಳಿದ ರಾಗಿಯನ್ನು ಅಚ್ಚೇರಿನೊಳಗೆ ಸುರಿದಳು. ಅಚ್ಚೇರು ಅರ್ಧ ತುಂಬಿತು.

"ನೋಡಿ. ಸೇರಿಗೆ ಇದು ಕಾಲು. ಅಚ್ಚೇರಿಗೆ ಇದು ಅರ್ಧ. ನಾವು ಎಣಿಸ್ತಾ ಇರೋದು ಸೇರನ್ನಲ್ಲ, ಅಚ್ಚೇರನ್ನ."

ರಾಗಿ ಅಷ್ಟೇ ಇದೆ. ಕಾಲು ಅಂದರೂ ಸರಿ, ಅರ್ಧ ಅಂದರೂ ಸರಿ. ಯಾವುದರ ಕಾಲು, ಯಾವುದರ ಅರ್ಧ ಎಂದು ಹೇಳಬೇಕು ಅಷ್ಟೆ. ಅಜ್ಜಿ ಯಾಕೆ ಎಡವಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅಜ್ಜಿಯ ಲೆಕ್ಕದಲ್ಲಿ ಪ್ರತಿ ಸಂಖ್ಯೆಗೂ ಒಂದು ಹೆಸರಿದೆ. ಮೂರು ಅಚ್ಚೇರು, ಒಂದು ಪಾವು. ಶಾಲೆಯ ಲೆಕ್ಕದಲ್ಲಿ ಆ ಹೆಸರುಗಳನ್ನು ಒರೆಸಿ ಬರೀ ½, ¼ ಎಂದು ಬರೆಯುತ್ತೇವೆ. ಹೆಸರು ಒರೆಸಿದ ಕ್ಷಣದಲ್ಲೇ ಮೂರೂಕಾಲೋ ಮೂರೂವರೆಯೋ ಎಂಬ ಗೊಂದಲ ಹುಟ್ಟುತ್ತದೆ. ಹೆಸರು ಒರೆಸುವುದು ತಪ್ಪಲ್ಲ, ಗಣಿತಕ್ಕೆ ಬಲ ಬರುವುದೇ ಅದರಿಂದ. ಆದರೆ ಒರೆಸುವ ಮೊದಲು ಏನನ್ನು ಒರೆಸುತ್ತಿದ್ದೇವೆ ಎಂದು ಶಿಕ್ಷಕರಿಗೆ ಗೊತ್ತಿರಬೇಕು. ಹೋಳಿಗೆಯ ಹುಡುಗ ತನ್ನ ಹಾಳೆ ತೆಗೆದು "ಚೂರು" ಎಂಬ ಪದಕ್ಕೆ ಸುತ್ತು ಹಾಕುತ್ತಿದ್ದುದು ನನಗೆ ಕಾಣಿಸಿತು.

ಅವತ್ತಿನಿಂದ "ಯಾವುದರ?" ಎಂಬುದು ನಮ್ಮ ತರಗತಿಯ ಮಾತಾಯಿತು. ಯಾರಾದರೂ ಅರ್ಧ ಎಂದರೆ ಹಿಂದಿನ ಬೆಂಚಿನಿಂದ "ಯಾವುದರ?" ಎಂದು ಕೇಳುತ್ತಿದ್ದರು.

ಉಲ್ಟಾ ಯಾಕೆ?

ಮಾರನೇ ದಿನ ಆ ಅಳತೆಗಳನ್ನೇ ಇಟ್ಟುಕೊಂಡು ಮುಂದುವರಿದೆವು. ಒಂದು ಸೇರಿನಲ್ಲಿ ಅಚ್ಚೇರು ಎಷ್ಟು? ಎರಡು. ಹಾಗಾದರೆ ಒಂದೂಮುಕ್ಕಾಲು ಸೇರಿನಲ್ಲಿ ಒಂದೂಮುಕ್ಕಾಲರ ಎರಡರಷ್ಟು. ಅದಕ್ಕೇ ½ ರಿಂದ ಭಾಗಿಸುವುದೂ 2 ರಿಂದ ಗುಣಿಸುವುದೂ ಒಂದೇ. ಒಂದು ಸೇರಿನಲ್ಲಿ ಪಾವು ನಾಲ್ಕು. ಅದಕ್ಕೇ ¼ ರಿಂದ ಭಾಗಿಸಿದರೆ 4 ರಿಂದ ಗುಣಿಸಿದ ಹಾಗೆ. ಇಲ್ಲಿವರೆಗೆ ಸುಲಭ.

ಮುಕ್ಕಾಲಿನಿಂದ ಭಾಗಿಸಿದರೆ? ಮೂರು ಪಾವು ಹಿಡಿಯುವ ಒಂದು ಡಬ್ಬಿ ಇದೆ ಅಂದುಕೊಳ್ಳಿ. ಒಂದು ಸೇರಿನಲ್ಲಿ ಆ ಡಬ್ಬಿ ಎಷ್ಟು ಸಲ ಹೋಗುತ್ತದೆ? ಒಂದು ಸಲ ಪೂರ್ತಿ. ಆಮೇಲೆ ಒಂದು ಪಾವು ಉಳಿಯುತ್ತದೆ. ಅದು ಡಬ್ಬಿಯ ಮೂರನೇ ಒಂದು ಭಾಗ. ಒಟ್ಟು 1⅓, ಅಂದರೆ 4/3. ಮುಕ್ಕಾಲು ಉಲ್ಟಾ ಆಗಿ ತಾನಾಗಿಯೇ ಎದುರಿಗೆ ನಿಂತಿತು. ಉಲ್ಟಾ ಮಾಡಿದ ಸಂಖ್ಯೆ ಅಂದರೆ "ಒಂದರಲ್ಲಿ ಆ ಅಳತೆ ಎಷ್ಟು ಸಲ" ಎಂಬುದಕ್ಕೆ ಉತ್ತರ. ಬೇರೇನೂ ಅಲ್ಲ.

ಒಬ್ಬ ಹುಡುಗ ಇನ್ನೂ ಸಲೀಸಾದ ದಾರಿ ತೋರಿಸಿದ. "ಎಲ್ಲಾನೂ ಪಾವು ಮಾಡ್ಕೊಂಡ್ರೆ ಉಲ್ಟಾ ಮಾಡೋದೇ ಬೇಡ ಮೇಡಂ. ಏಳು ಪಾವಲ್ಲಿ ಎರಡು ಪಾವು ಎಷ್ಟು ಸಲ? ಏಳು ಭಾಗಿಸು ಎರಡು, ಮೂರೂವರೆ." ಛೇದಗಳನ್ನು ಸಮ ಮಾಡಿಕೊಂಡು ಅಂಶಗಳನ್ನು ಭಾಗಿಸುವ ದಾರಿ ಇದು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡನೇ ಸಲಕ್ಕೆ ಪಾಸಾದ ಹುಡುಗ ಅವನು. ಅವತ್ತು ಅವನ ಮುಖ ನೋಡಬೇಕಿತ್ತು.

ಅಳೆಯುವ ಅರ್ಥ ಬಂದಮೇಲೆ ಮೂರನೇ ವಾರ ಹಂಚುವ ಅರ್ಥಕ್ಕೆ ವಾಪಸ್ ಬಂದೆವು. ಅರ್ಧ ಕಿಲೋ ಟೊಮೆಟೊಗೆ 15 ರೂಪಾಯಿ. ಕಿಲೋಗೆ ಎಷ್ಟು? 30. ಇದೂ 15 ÷ ½ ಲೆಕ್ಕವೇ. ಆದರೆ ಇಲ್ಲಿ ಎಷ್ಟು ಸಲ ಎಂದು ಕೇಳುತ್ತಿಲ್ಲ. ಒಂದಕ್ಕೆ ಎಷ್ಟು ಎಂದು ಕೇಳುತ್ತಿದ್ದೇವೆ. 15 ರೂಪಾಯಿಯನ್ನು 3 ಕಿಲೋಗೆ ಹಂಚಿದರೆ ಒಂದು ಕಿಲೋಗೆ 5 ಬರುವ ಹಾಗೇ, ಅರ್ಧ ಕಿಲೋಗೆ ಹಂಚಿದರೆ ಒಂದು ಕಿಲೋಗೆ 30. ಅರ್ಧ ಮನುಷ್ಯನಿಗೆ ಹಂಚಲು ಆಗಲ್ಲ, ಅರ್ಧ ಕಿಲೋಗೆ ಹಂಚಬಹುದು. ಸಂತೆಯಲ್ಲಿ ಕೂತವರು ದಿನಾ ಮಾಡುವ ಲೆಕ್ಕ.

ಈ ಗಾಳಿ ಬೇರೆ ಪಾಠಗಳಿಗೂ ಬೀಸಿತು. ವ್ಯವಕಲನದಲ್ಲಿ "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುತ್ತೇವಲ್ಲ, ಆ ಸಾಲ ವಾಪಸ್ ಕೊಡುವುದು ಯಾವಾಗ ಎಂದು ಒಬ್ಬಳು ಕೇಳಿದಳು. 52 ರಲ್ಲಿ 17 ಕಳೆಯುವಾಗ ಯಾರೂ ಯಾರಿಗೂ ಸಾಲ ಕೊಡುವುದಿಲ್ಲ. ಐದು ಹತ್ತರ ನೋಟುಗಳಲ್ಲಿ ಒಂದಕ್ಕೆ ಚಿಲ್ಲರೆ ಮಾಡಿಸುತ್ತೇವೆ. ಅವರೇ ಕೂತು ಮಾತಾಡಿ ಇನ್ನು "ಸಾಲ" ಬೇಡ, "ಚಿಲ್ಲರೆ" ಎನ್ನೋಣ ಎಂದು ತೀರ್ಮಾನಿಸಿದರು. ನಾನೂ ಈಗ ಹಾಗೇ ಹೇಳುತ್ತೇನೆ.

ಕೈಕೊಟ್ಟದ್ದು

ಎಲ್ಲರಿಗೂ ಇದು ಹಿಡಿಸಲಿಲ್ಲ. "ಒಂದು ಲೆಕ್ಕಕ್ಕೆ ಎರಡು ವಾರ ಹೋಯ್ತು ಮೇಡಂ, ಟಿಇಟಿಗೆ ಇದು ಬರಲ್ಲ" ಎಂದು ಕೆಲವರು ನೇರವಾಗಿ ಹೇಳಿದರು. ಅವರ ಆತಂಕ ಸುಳ್ಳಲ್ಲ. ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿರುವವರಿದ್ದಾರೆ. ಅವರಿಗೆ ನಾನು ಕೊಟ್ಟ ಉತ್ತರ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅರ್ಥವಾದರೆ ಬೇಗ ಮರೆಯುವುದಿಲ್ಲ ಎಂದೆ. ಒಪ್ಪಿದವರು ಒಪ್ಪಿದರು. ಸಿಲಬಸ್ಸಿನ ಎರಡು ಘಟಕಗಳನ್ನು ಕೊನೆಗೆ ಅವಸರದಲ್ಲಿ ಮುಗಿಸಬೇಕಾಯಿತು. ಅದು ನಿಜವಾದ ನಷ್ಟ.

ನಮ್ಮ ಹುಡುಗಿ ಪಾವು, ಅಚ್ಚೇರು ಹಿಡಿದು ಅದೇ ಏಳನೇ ತರಗತಿಗೆ ಒಂದು ಸಲ ಹೋಗಿ ಬಂದಳು. ಪಾಠ ಬಿದ್ದುಹೋಯಿತು. ಆ ಮಕ್ಕಳಲ್ಲಿ ಬಹಳ ಮಂದಿಗೆ ಅಚ್ಚೇರು ಎಂಬ ಹೆಸರೇ ಗೊತ್ತಿರಲಿಲ್ಲ. ಅಳತೆಯ ಹೆಸರು ಕಲಿಸುವುದರಲ್ಲೇ ಪೀರಿಯಡ್ ಮುಗಿಯಿತು. ರಾಗಿ ಚೆಲ್ಲಿ ಮಕ್ಕಳು ಬಾಚಿಕೊಳ್ಳುವುದರಲ್ಲಿ ಲೆಕ್ಕ ಮರೆತುಹೋಯಿತು. ಅವಳು ಬೇಸರದಿಂದ ಬಂದಳು. ನನಗೆ ಒಳಗೊಳಗೇ ಚುರ್ ಎಂದಿತು, ಏಕೆಂದರೆ ಅದನ್ನೇ ತಗೊಂಡು ಹೋಗು ಎಂದವಳು ನಾನು. ಪಾವು ನನಗೆ ಹತ್ತಿರದ್ದು, ಅವಳಿಗೂ ಹತ್ತಿರದ್ದು. ಆ ಮಕ್ಕಳಿಗೆ ಅಲ್ಲ. ಎಂಟಾಣೆ, ನಾಲ್ಕಾಣೆಯೂ ಹಾಗೇ. ನಾಲ್ಕಾಣೆ ನಾಣ್ಯ 2011ರಲ್ಲೇ ನಿಂತುಹೋಯಿತು. ಈಗಿನ ಏಳನೇ ತರಗತಿಯವರು ಅದನ್ನು ಕಂಡೇ ಇಲ್ಲ. ಉಪಕರಣ ಒಳ್ಳೆಯದಾದರೆ ಸಾಲದು, ಎದುರಿಗೆ ಕೂತವರಿಗೆ ಅದು ಏನನ್ನು ನೆನಪಿಸುತ್ತದೆ ಎಂಬುದು ಮುಖ್ಯ. ಸರ್ಕಾರಿ ಶಾಲೆಗಳ ನಾಲ್ಕು, ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದಲ್ಲಿ ಬಂದ ಕಲಿಕೋಪಕರಣದ ಕಿಟ್ಟುಗಳ ಬಗ್ಗೆಯೂ ಪ್ರಶಿಕ್ಷಣಾರ್ಥಿಗಳಿಗೆ ನಾನು ಇದನ್ನೇ ಹೇಳುತ್ತೇನೆ. ಕಿಟ್ಟು ಒಳ್ಳೆಯದು. ಅದನ್ನು ಹಿಡಿದ ಕೈಗೆ ಗಣಿತ ಗೊತ್ತಿದ್ದರೆ ಮಾತ್ರ ಅದು ಮಾತಾಡುತ್ತದೆ.

ಮತ್ತೆ ಅದೇ ತರಗತಿ

ಐದನೇ ವಾರ ಅವಳು ಇನ್ನೊಂದು ಸಲ ಹೋದಳು. ಈ ಸಲ ರಾಗಿ ಇಲ್ಲ, ನೀರು. ಎರಡು ಲೀಟರಿನ ದೊಡ್ಡ ಬಾಟಲಿ, ಒಂದು ಲೀಟರಿನದು, ಅರ್ಧ ಲೀಟರಿನದು, ಕಾಲು ಲೀಟರಿನದು. ಎಲ್ಲ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬಾಟಲಿಗಳೇ. ಉಲ್ಟಾ ಎಂಬ ಮಾತನ್ನೇ ಎತ್ತಲಿಲ್ಲ. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದಳು: 8 ÷ 8, 8 ÷ 4, 8 ÷ 2, 8 ÷ 1. ಉತ್ತರ 1, 2, 4, 8. ಆಮೇಲೆ 8 ÷ ½ ಎಂದು ಬರೆದು ಸುಮ್ಮನೆ ನಿಂತಳು. "ಹದಿನಾರು" ಎಂದು ಒಂದು ಮೂಲೆಯಿಂದ ಸಣ್ಣ ದನಿ ಬಂತು. "ಯಾಕೆ?" ಎಂದು ಕೇಳಿದಳು. ಬಾಟಲಿಗಳನ್ನು ತೋರಿಸಿದಳು.

ಕಿಟಕಿ ಪಕ್ಕದ ಹುಡುಗ ಎದ್ದ. ನಾನು ಪೆನ್ನು ಕೆಳಗಿಟ್ಟೆ.

"ಬಾಟ್ಲಿ ಚಿಕ್ಕದಾದ್ರೆ ಜಾಸ್ತಿ ಸಲ ತುಂಬ್ಬೇಕು ಮಿಸ್. ಒಂದಕ್ಕಿಂತ ಚಿಕ್ಕದಾದ್ರೆ ಇದ್ದದ್ದಕ್ಕಿಂತ ಜಾಸ್ತಿ ಆಗುತ್ತೆ."

ಅವಳು ಅವನನ್ನೇ ಮತ್ತೆ ಹೇಳಲು ಬಿಟ್ಟಳು, ಅವನ ಮಾತನ್ನು ಅವನ ಮಾತಿನಲ್ಲೇ ಬೋರ್ಡಿನ ಮೇಲೆ ಬರೆದಳು. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಬಾಟ್ಲಿ ಸೊನ್ನೆ ಆದ್ರೆ ಮಿಸ್?"

ಮೊದಲ ಸಲದ ಹಾಗೆ ಅವಳು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಯೋಚಿಸಿದಳು. "ಒಳ್ಳೆ ಪ್ರಶ್ನೆ. ಏನೂ ಹಿಡಿಯದ ಬಾಟ್ಲಿಯಿಂದ ಎಷ್ಟು ಸಲ ತೆಗೆದ್ರೆ ಎಂಟು ಲೀಟರ್ ಖಾಲಿ ಆಗುತ್ತೆ?" ಎಂದಳು. ಮಕ್ಕಳು ನಕ್ಕರು. "ಖಾಲಿನೇ ಆಗಲ್ಲ." "ಹಾಗಾದ್ರೆ ಉತ್ತರ ಏನಂತ ಬರೆಯೋಣ?" ಸೊನ್ನೆ ಎಂದರು ಕೆಲವರು. ಲೆಕ್ಕವಿಲ್ಲದಷ್ಟು ಎಂದರು ಕೆಲವರು. ಬರೆಯೋಕೇ ಆಗಲ್ಲ ಎಂದ ಒಬ್ಬ. ಅದನ್ನು ಅವಳು ಅವತ್ತು ಮುಗಿಸಲಿಲ್ಲ. ಮೂರನ್ನೂ ಬೋರ್ಡಿನ ಮೂಲೆಯಲ್ಲಿ ಬರೆದು, ನಾಳೆ ಯಾವುದು ಸರಿ ಎಂದು ನೋಡೋಣ ಎಂದಳು.

ಆ ಪಾಠದಲ್ಲೂ ಕೊರತೆ ಇತ್ತು. ಬಾಟಲಿಯಿಂದ ಲೆಕ್ಕಕ್ಕೆ ಬರುವಾಗ ಹಿಂದಿನ ಬೆಂಚಿನ ಮಕ್ಕಳು ಹಿಂದೆ ಬಿದ್ದರು. 1¾ ÷ ½ ತನಕ ಹೋಗಲೇ ಇಲ್ಲ. ಉಳಿದದ್ದು ಯಾವುದರ ಅರ್ಧ ಎಂಬ ಪ್ರಶ್ನೆ ಆ ತರಗತಿಗೆ ಇನ್ನೂ ಬಂದಿಲ್ಲ.

ಈಗ ನಮ್ಮಲ್ಲಿ ಪಾಠ ಯೋಜನೆಯ ಹಾಳೆಯಲ್ಲಿ ಒಂದು ಅಂಕಣ ಜಾಸ್ತಿ ಇದೆ. "ಮಕ್ಕಳು ಏನು ಕೇಳಬಹುದು?" ಎಂದು. ಅದನ್ನು ಸೇರಿಸಿದ್ದು ನಾನಲ್ಲ, ಆ ಹುಡುಗಿ. ತನ್ನ ಪಾಠ ಯೋಜನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಬರೆದುಕೊಳ್ಳುತ್ತಿದ್ದಳು, ಉಳಿದವರು ನೋಡಿ ಹಾಗೇ ಮಾಡಿದರು. ಅವಳ ಕೊನೆಯ ಪಾಠ ಯೋಜನೆ ನನ್ನ ಮೇಜಿನ ಮೇಲಿದೆ. ಆ ಅಂಕಣದ ಎರಡನೇ ಸಾಲು ಹೀಗಿದೆ: "ಅರ್ಧವನ್ನು ಮುಕ್ಕಾಲಿನಿಂದ ಭಾಗಿಸಿದರೆ ಒಂದು ಸಲವೂ ಪೂರ್ತಿ ಹೋಗುವುದಿಲ್ಲ. ಆದರೂ ಉತ್ತರ ಅರ್ಧಕ್ಕಿಂತ ಜಾಸ್ತಿ. ಇದನ್ನು ಬಾಟಲಿಯಲ್ಲಿ ತೋರಿಸುವುದು ಹೇಗೆ? ಮೇಡಂನ ಕೇಳಬೇಕು."

ನಾವಿಬ್ಬರೂ ಗುರುವಾರ ಕೂತುಕೊಳ್ಳುತ್ತೇವೆ. ಬಾಟಲಿಗಳನ್ನು ಅವಳು ತರುತ್ತಾಳೆ.